ಕೊನೆ ಪುಟ ಮೊದಲು

ಬ್ಯಾಡರಹಳ್ಳಿ,
13 ನವೆಂಬರ್ 2025,
ಗುರುವಾರ, ಬೆಳಿಗ್ಗೆ ಎಂಟು ಗಂಟೆ

ಬಂಗಾರದಂಥ ನನ್ನ ಪುಟ್ಟಿ ಸ್ಪಂದನಾಳಿಗೆ ಅಜ್ಜಿಯ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯ ಮಗಳೇ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲ ಕಾಲೇಜಿಗೆ ಹೊತ್ತಾಯಿತೆಂದು ಬರೀ ಟೀ ಕುಡಿದು ಓಡುತ್ತೀಯೋ? ನವೆಂಬರ್ ಬಂದರೆ ನಿನಗೆ ಗಂಟಲು ಕಟ್ಟುತ್ತದೆ. ಈಗ ದಿನಾ ಪಾಠ ಹೇಳುವ ಗಂಟಲು ಬೇರೆ. ಮಲಗುವ ಮುಂಚೆ ಹಾಲಿಗೆ ನಾಲ್ಕು ಕಾಳು ಮೆಣಸು ಕುಟ್ಟಿ ಹಾಕಿಕೊಂಡು ಕುಡಿ, ಅಸಡ್ಡೆ ಮಾಡಬೇಡ. ನಿನಗೆ ಧಾರವಾಡದಲ್ಲಿ ರೂಮು ಹುಡುಕಿಕೊಟ್ಟ ತುಂಗಾ ಮೇಡಂ ಚೆನ್ನಾಗಿದ್ದಾರಾ? ಹನುಮೇಶ ಹೇಗಿದ್ದಾನೆ? ಮಳೆಯಲ್ಲಿ ನೆನೆಯುತ್ತಾ ಗಾಡಿಯ ಮೇಲೆ ಊರವರಿಗೆಲ್ಲ ಊಟ ತಲುಪಿಸುತ್ತಿದ್ದ ಹುಡುಗನಿಗೆ ಈಗ ಕೋಚಿಂಗ್ ಸೆಂಟರಿನಲ್ಲಿ ಫ್ಯಾನಿನ ಕೆಳಗೆ ನಿಂತು ಪಾಠ ಹೇಳುವುದು ಹಿತವಾಗಿರಬೇಕು. ಇನ್ನು ನನ್ನ ವಿಷಯ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಬಿಟ್ಟರೆ ನನಗೆ ಯಾವ ಕಾಯಿಲೆಯೂ ಇಲ್ಲ. ಬೆಳಿಗ್ಗೆ ಮೂರು ಇಡ್ಲಿ ತಿಂದು, ಮೇಲೆ ಒಂದು ದೊಡ್ಡ ಲೋಟ ಕಾಫಿ ಕುಡಿದು ಕೂತಿದ್ದೇನೆ. ಈ ಮಾತನ್ನು ಇನ್ನೊಂದು ಸಲ ಓದು. ಯಾಕೆಂದು ಮುಂದೆ ಹೇಳುತ್ತೇನೆ.

ಇದೇನಿದು, ಅಜ್ಜಿ ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳೆ ಎಂದು ನಗಬೇಡ ಕಣೇ. ನನ್ನ ಫೋನ್ ನನ್ನ ಹತ್ತಿರ ಇಲ್ಲ, ನಿನ್ನ ನಂಬರ್ ನನಗೆ ಬಾಯಿಪಾಠವಿಲ್ಲ. ಕಳೆದ ತಿಂಗಳು ಇಪ್ಪತ್ತೊಂಬತ್ತಕ್ಕೆ ನೀನು ಫೋನ್ ಮಾಡಿ, ರಿಜಿಸ್ಟರ್ ಮದುವೆಗೆ ನೋಟಿಸ್ ಕೊಟ್ಟೆವು ಅಜ್ಜಿ, ಮೂವತ್ತು ದಿನ ಕಾಯಬೇಕಂತೆ, ಬರುವ ತಿಂಗಳ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ ಎಂದೆಯಲ್ಲ, ಆ ಮಾತನ್ನು ನಾನು ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ನನಗೆ ಕಿವಿ ಮಂದ, ನಿನ್ನ ದನಿ ಜೋರು ಮಾಡಿಟ್ಟುಕೊಳ್ಳುತ್ತೇನೆ. ಇನ್ಯಾರಿಗೆ ಕೇಳಿಸಿತೋ ಗೊತ್ತಿಲ್ಲ. ಮೂರನೇ ದಿನ, ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿ ಬಂದ ನಿನ್ನ ಅಣ್ಣ ದರ್ಶನ್, "ಚಾರ್ಜ್ ನಿಲ್ತಾ ಇಲ್ವಲ್ಲ ಅಜ್ಜಿ, ರಿಪೇರಿಗೆ ಕೊಡ್ತೀನಿ" ಎಂದು ಫೋನ್ ತೆಗೆದುಕೊಂಡು ಹೋದ. ಚಾರ್ಜ್ ಚೆನ್ನಾಗಿಯೇ ನಿಲ್ಲುತ್ತಿತ್ತು. ಇವತ್ತಿಗೆ ಹನ್ನೆರಡು ದಿನವಾಯಿತು. ಈ ಹಾಳೆಗಳು ಕಲಾವತಿ ಕೊಟ್ಟಿದ್ದು. ಅವಳು ನಿನಗೆ ಗೊತ್ತಿಲ್ಲ. ಹನುಮೇಶ ಬಿಟ್ಟುಹೋದ ಟೆರೇಸಿನ ರೂಮಿಗೆ ಬಂದವಳು, ರಾಣೆಬೆನ್ನೂರಿನ ಕಡೆಯವಳು, ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ, ಮಧ್ಯಾಹ್ನದ ಪಾಳಿ. ಬಟ್ಟೆ ಒಣಗಿಸುವ ನೆಪದಲ್ಲಿ ಮೇಲೆ ಹೋಗಿ ಕೇಳಿದೆ, ಯಾತಕ್ಕೆ ಎಂದು ಕೇಳದೆ ಮಗಳ ನೋಟ್‌ಬುಕ್ಕಿನಿಂದ ಹರಿದುಕೊಟ್ಟಳು. ಅದಕ್ಕೇ ಅಂಚಿನಲ್ಲಿ ಮಗ್ಗಿ ಇದೆ.

ಅವಳ ರೂಮಿನ ಮುಂದೆ ನಿಂತಾಗ ನಮ್ಮ ಕಾದಂಬರಿಯ ನೆನಪಾಯಿತು. ನೀನು ಎಂ.ಎ. ಪರೀಕ್ಷೆಗೆಂದು ಓದುತ್ತಿದ್ದ ಆ ದಪ್ಪನೆಯ ಇಂಗ್ಲಿಷ್ ಪುಸ್ತಕ. ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು, ಒಂದೊಂದು ಪುಟ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಹನುಮೇಶ ಡ್ಯೂಟಿಗೆ ಹೋಗುವ ಮುಂಚೆ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ. ಪುಸ್ತಕವನ್ನು ಲೈಬ್ರರಿಯಿಂದ ತಂದವನೇ ಅವನು ಎಂದು ನನಗೆ ಆಮೇಲೆ ತಿಳಿಯಿತು. ನೀನು ಕಳ್ಳಿ ಕಣೇ, ನನ್ನನ್ನು ಕಾವಲಿಗೆ ಕೂರಿಸಿಕೊಂಡು ಪ್ರೀತಿ ಮಾಡಿದೆ. ಆ ಕಥೆಯಲ್ಲಿ ಇಬ್ಬರು ಜಮೀನ್ದಾರರು, ಅವರ ಎಸ್ಟೇಟುಗಳ ನಡುವೆ ಒಂದು ಮುಳ್ಳುಬೇಲಿ. ಬೇಲಿ ಕಿತ್ತು ಎರಡನ್ನೂ ಒಂದು ಮಾಡಬೇಕೆಂದರೆ ಈ ಮನೆಯ ಹುಡುಗಿಯನ್ನು ಆ ಮನೆಗೆ ಕೊಡಬೇಕು. ಹುಡುಗಿಗೆ ಗಡಿಯಾರ ರಿಪೇರಿ ಮಾಡುವವನ ಮಗನ ಮೇಲೆ ಮನಸ್ಸು. ಇದು ನಮ್ಮ ಮಾಗಡಿ ರಸ್ತೆಯ ಕಥೆ, ಇಂಗ್ಲಿಷರು ಕದ್ದುಕೊಂಡು ಹೋಗಿದ್ದಾರೆ ಎಂದು ನಾನು ಅಂದಾಗ ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ.

ನನಗೆ ಆ ಪುಸ್ತಕದ ಜನ ವಿಚಿತ್ರವಾಗಿ ಕಂಡಿದ್ದರು. ಹೊಸಬರು ಯಾರಾದರೂ ಬಂದರೆ ಅವರ ಹೆಸರಿಗಿಂತ ಮುಂಚೆ ವರ್ಷದ ವರಮಾನ ಕೇಳುತ್ತಾರೆ. ಯಾರು ಯಾವ ಕುರ್ಚಿಯಲ್ಲಿ ಕೂರಬೇಕು, ಯಾರು ಬಾಗಿಲಲ್ಲೇ ನಿಲ್ಲಬೇಕು ಎಂಬುದೆಲ್ಲ ಹೇಳದೆಯೇ ಅವರಿಗೆ ಗೊತ್ತಿರುತ್ತದೆ. ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ, ಕೂಗಾಡುವುದಿಲ್ಲ, ಟೀ ಕುಡಿಯುತ್ತಾ ಕುಡಿಯುತ್ತಾ ಒಂದು ಹುಡುಗಿಯ ಬದುಕನ್ನು ತೀರ್ಮಾನ ಮಾಡಿಬಿಡುತ್ತಾರೆ. ನನಗೆ ತಡೆಯಲಾಗದೆ, ಮೊದಲು ಕೊನೆ ಹೇಳಿಬಿಡು, ಮದುವೆ ಆಗುತ್ತದೋ ಇಲ್ಲವೋ ತಿಳಿದರೆ ನೆಮ್ಮದಿಯಾಗಿ ಕೇಳುತ್ತೇನೆ ಎಂದು ದಿನಾ ಪೀಡಿಸುತ್ತಿದ್ದೆ. ವಾರಪತ್ರಿಕೆಯ ಧಾರಾವಾಹಿಗಳನ್ನೂ ನಾನು ಹಾಗೆಯೇ ಓದಿದವಳು, ಕೊನೆಯ ಕಂತು ಬರುವವರೆಗೆ ಮುಟ್ಟುತ್ತಿರಲಿಲ್ಲ. ನೀನು ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ಕೊನೆ ಮೊದ್ಲೇ ಹೇಳ್ಬಿಟ್ರೆ ಕಥೆ ಯಾಕಜ್ಜಿ ಬೇಕು" ಎನ್ನುತ್ತಿದ್ದೆ. ಹತ್ತು ಅಧ್ಯಾಯ ಉಳಿದಿರುವಾಗ ನೀನು ಮನೆ ಬಿಟ್ಟೆ. ನಾವು ನಿಲ್ಲಿಸಿದ ಜಾಗ ನಿನಗೆ ನೆನಪಿದೆಯಾ? ಹುಡುಗಿ ದೂರದ ಊರಿನಲ್ಲಿ ಅಡಗಿದ್ದಾಳೆ. ಕೂಗಾಡುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಸುಮ್ಮನಾಗಿದ್ದಾನೆ. ನಿನ್ನ ತಾಯಿಗೆ ಕಾಯಿಲೆ ಎಂದು ಚೀಟಿ ಬರೆದು ಕುದುರೆಗಾಡಿ ಕಳಿಸಿದ್ದಾನೆ. ಗಾಡಿ ಬಾಗಿಲಿಗೆ ಬಂದಿದೆ, ಹುಡುಗಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದಾಳೆ. ಹತ್ತಬೇಡ ಕಣೇ ಎಂದು ನಾನು ಟ್ಯಾಂಕಿನ ಕೆಳಗಿಂದ ಕೂಗಿದ್ದೆ. ಅಷ್ಟರಲ್ಲಿ ಕೆಳಗಿನಿಂದ ನಿನ್ನಮ್ಮ ಕರೆದಳು, ನೀನು ಪುಸ್ತಕ ಮುಚ್ಚಿದೆ.

ಅವತ್ತು ಕರೆದಿದ್ದು ಹನುಮೇಶನ ಅಪ್ಪ ಅಮ್ಮ ಬಂದಿದ್ದರೆಂದು. ಕುಷ್ಟಗಿಯಿಂದ ರಾತ್ರಿ ಬಸ್ಸಿನಲ್ಲಿ ಬಂದ ದುಂಡಪ್ಪ, ಹಾಲವ್ವ. ಆ ದಿನವನ್ನು ನೆನೆದರೆ ನನಗೆ ಇವತ್ತಿಗೂ ತಲೆ ತಗ್ಗುತ್ತದೆ. ಮೇಲೆ ಇಷ್ಟಗಲ ಹಾಲ್ ಇತ್ತು, ಸೋಫಾ ಇತ್ತು. ನಿನ್ನಪ್ಪ ಅವರನ್ನು ಪಾರ್ಕಿಂಗಿನಲ್ಲಿ ಕಾರಿನ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರಿಸಿದ. ಟೀ ಕೊಟ್ಟಿದ್ದು ಪೇಪರ್ ಕಪ್ಪಿನಲ್ಲಿ, ಮನೆಯ ಶೆಲ್ಫಿನ ತುಂಬ ಲೋಟಗಳಿರುವಾಗ. "ನಮ್ಮ ಹುಡುಗ ಓದ್ಯಾನ್ರೀ, ನಿಮ್ಮ ಮಗಳನ್ನ ಕಣ್ಣಾಗ ಇಟ್ಟು ನೋಡ್ಕೊಂತಾನ" ಎಂದಳು ಹಾಲವ್ವ. ನಿನ್ನಪ್ಪ, "ಎಷ್ಟ್ ಎಕರೆ ಐತೆ ನಿಮ್ದು?" ಎಂದು ಕೇಳಿದ. "ಜಮೀನಿಲ್ರೀ, ಕುರಿ ಅದಾವ" ಎಂದ ದುಂಡಪ್ಪ. ಆಮೇಲೆ ನಿನ್ನಪ್ಪ ಕೂಗಾಡಿದ್ದು ಇಡೀ ಬೀದಿಗೆ ಕೇಳಿಸಿತು. ಅವರು ಎದ್ದು ಹೋಗುವಾಗ ಹಾಲವ್ವ ನಲ್ಲಿಯ ಹತ್ತಿರ ಹೋಗಿ, ಬಿಸಾಡುವ ಆ ಪೇಪರ್ ಕಪ್ಪನ್ನು ತೊಳೆದು ಮೋರಿಯ ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು. ಉಂಡ ಮನೆಯ ಪಾತ್ರೆ ತೊಳೆದಿಡುವವರ ಅಭ್ಯಾಸ ಅದು. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ, ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಯಾಕೆಂದರೆ ನನಗೆ ಗೊತ್ತಿತ್ತು ಪುಟ್ಟಿ. ಈ ಮೂರಂತಸ್ತು, ಈ ಬಾಡಿಗೆ ಮನೆಗಳು ಎಲ್ಲ ಮೊನ್ನೆ ಮೊನ್ನೆಯವು. ನಾನು ದಂಟು, ಸಬ್ಬಸಿಗೆ, ಮೆಂತ್ಯ ಬುಟ್ಟಿಗೆ ತುಂಬಿಕೊಂಡು ಆರ್‌ಪಿಸಿ ಲೇಔಟಿನವರೆಗೆ ಹೊತ್ತು ಮಾರಿದವಳು. ಅಲ್ಲಿ ಒಂದು ಮನೆಯಲ್ಲಿ ಬಾಯಾರಿಕೆ ಎಂದರೆ ಆಯಮ್ಮ ಗೇಟಿನ ಒಳಗೇ ನಿಂತು, ಚೊಂಬು ಎತ್ತಿ ಹಿಡಿದು ನನ್ನ ಬೊಗಸೆಗೆ ನೀರು ಹೊಯ್ದಿದ್ದಳು. ನಿನ್ನಪ್ಪನಿಗೆ ಆಗ ಆರು ವರ್ಷ, ನನ್ನ ಸೆರಗು ಹಿಡಿದು ನಿಂತಿದ್ದ. ಆಮೇಲೆ ರಸ್ತೆ ಅಗಲವಾಯಿತು, ಲೇಔಟುಗಳು ಬಂದವು, ರಾಗಿ ಬೆಳೆಯುತ್ತಿದ್ದ ನೆಲಕ್ಕೆ ಬೆಲೆ ಬಂತು, ಜನ ನಮ್ಮನ್ನು ಒಳಗೆ ಕರೆದು ಕೂರಿಸತೊಡಗಿದರು. ಆ ಚೊಂಬಿನ ನೀರು ನೆನಪಿರುವವನು ಇನ್ನೊಬ್ಬರಿಗೆ ಪೇಪರ್ ಕಪ್ ಕೊಡಲಾರ ಎಂದುಕೊಂಡಿದ್ದೆ. ಅದು ನೆನಪಿದ್ದದ್ದಕ್ಕೇ ಕೊಟ್ಟ ಎಂದು ಈಗ ಅನ್ನಿಸುತ್ತಿದೆ.

ನೀನು ಹೋದ ಮೇಲೆ ಎರಡು ವಾರ ಮನೆ ಮನೆಯಾಗಿರಲಿಲ್ಲ. ನಿನ್ನಪ್ಪ ತಟ್ಟೆ ಎಸೆದ, ನಿನ್ನಮ್ಮನನ್ನು ಬೈದ, ನನ್ನನ್ನೂ ಬಿಡಲಿಲ್ಲ. ನಾನು ಅದಕ್ಕೆ ಹೆದರಲಿಲ್ಲ, ಕೂಗುವ ಚನ್ನಕೇಶವನನ್ನು ನಾನು ಎತ್ತಿ ಆಡಿಸಿದವಳು. ಸೆಪ್ಟೆಂಬರ್ ಹೊತ್ತಿಗೆ ಅವನು ಸುಮ್ಮನಾದ. ಹೊತ್ತಿಗೆ ಸರಿಯಾಗಿ ಬರುತ್ತಾನೆ, ಉಣ್ಣುತ್ತಾನೆ, "ಅಮ್ಮ, ಮಾತ್ರೆ ತಗೊಂಡ್ಯಾ" ಎಂದು ಕೇಳುತ್ತಾನೆ. ಮೊದಮೊದಲು ನನಗೂ ಹಿತವಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ, ಆ ಹುಡುಗನ ಮೇಲೆ ದ್ವೇಷ ಬೇಡ ಕಣಪ್ಪ ಎಂದೆ. ಅವನು ಮುದ್ದೆ ಮುರಿಯುತ್ತಾ, ತುಂಬ ಮೆತ್ತಗೆ, "ಅವನ ವಿಷ್ಯ ನೀನ್ ತಲೆ ಕೆಡಿಸ್ಕೋಬೇಡಮ್ಮ, ದರ್ಶನ್ ನೋಡ್ಕೋತಾನೆ" ಎಂದ. ಸಾರು ಹಾಕುತ್ತಿದ್ದ ನಿನ್ನಮ್ಮನ ಕೈಯಿಂದ ಸೌಟು ಜಾರಿತು. ಯಾರೂ ಅವಳನ್ನು ಬೈಯಲಿಲ್ಲ. ಮೊದಲಾಗಿದ್ದರೆ ಮನೆ ಹಾರಿಹೋಗುತ್ತಿತ್ತು. ಅವತ್ತಿನಿಂದ ಈ ಮನೆಯಲ್ಲಿ ನನಗೆ ಭಯ.

ಆದರೂ ದೀಪಾವಳಿಯಲ್ಲಿ ನಾನು ಮೋಸ ಹೋದೆನೇನೋ ಎಂಬ ಅನುಮಾನ ಈಗ ಬಂದಿದೆ. ನಮ್ಮ ಕೇದಾರೇಶ್ವರನ ನೋಮು ನಿನಗೆ ಗೊತ್ತಲ್ಲ. ಇಪ್ಪತ್ತೊಂದು ಕಜ್ಜಾಯ ಇಟ್ಟು ಪೂಜೆ ಮಾಡಿ, ಮನೆಯ ಪ್ರತಿಯೊಬ್ಬರ ಕೈಗೂ ನೋಮಿನ ದಾರ ಕಟ್ಟಬೇಕು. ಯಾರಾದರೂ ಊರಲ್ಲಿಲ್ಲದಿದ್ದರೆ ಅವರ ದಾರ, ಅವರ ಪಾಲಿನ ಕಜ್ಜಾಯ ಅವರಿಗೆ ಮುಟ್ಟಬೇಕು. ಒಂದು ದಾರ ಕಟ್ಟದೆ ಉಳಿದರೂ ನೋಮು ಮುಗಿಯಲಿಲ್ಲ. ಪೂಜೆಯಾದ ಮೇಲೆ ತಟ್ಟೆಯಲ್ಲಿ ನಿನ್ನ ದಾರ ಒಂದೇ ಉಳಿಯಿತು. ನಿನ್ನಪ್ಪ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದ. ಆಮೇಲೆ, "ಜಗಳ ಜಗಳದ ಜಾಗದಲ್ಲಿರ್ಲಿ. ಮನೆ ಮಗಳ ದಾರ ಮನೇಲ್ ಉಳೀಬಾರ್ದು. ನಿನಗೆ ಗೊತ್ತಿರುತ್ತಲ್ಲಮ್ಮ, ವಿಳಾಸ ಹೇಳು" ಎಂದ. ನೀನು ವಿಳಾಸ ಕೊಟ್ಟದ್ದು ನನಗೊಬ್ಬಳಿಗೆ. ಎರಡು ತಿಂಗಳು ಅದನ್ನು ಎಲೆಅಡಿಕೆ ಚೀಲದ ತಳದಲ್ಲಿ ಇಟ್ಟುಕೊಂಡು ಕಾಪಾಡಿದ್ದೆ. ದೇವರ ಮುಂದೆ ಕೂತು ಕೇಳಿದವನಿಗೆ ಇಲ್ಲ ಎನ್ನಲಾಗಲಿಲ್ಲ. ಡಬ್ಬಿಗೆ ಕಜ್ಜಾಯ ತುಂಬಿದ್ದು ನಾನು, ದಾರಕ್ಕೆ ಅರಿಶಿನ ಹಚ್ಚಿದ್ದು ನಾನು. ವಿಳಾಸವನ್ನು ಅವನೇ ಕೈಯಾರೆ ಬರೆದ. ಮಗನ ಮನಸ್ಸು ಕರಗಿತೆಂದು ನಾನು ದೇವರ ಮನೆಯಲ್ಲಿ ಕೂತು ಅತ್ತೆ. ಕಜ್ಜಾಯ ತಲುಪಿತು, ದಾರ ಕಟ್ಟಿಕೊಂಡೆ ಎಂದು ನೀನು ಫೋನಿನಲ್ಲಿ ಹೇಳಿದೆ.

ಈಗ ಮೊನ್ನೆ ಮಂಗಳವಾರದ ಮಾತು ಕೇಳು. ನನ್ನ ಟ್ರಂಕಿನಲ್ಲಿ ನೀನು ಬಿಚ್ಚಿಟ್ಟು ಹೋದ ಹಸಿರು ಗಾಜಿನ ಬಳೆ ಇತ್ತಲ್ಲ, ಅದು ಹೋದ ವಾರದಿಂದ ಕಾಣುತ್ತಿರಲಿಲ್ಲ. ನಿನ್ನಮ್ಮ ವರಲಕ್ಷ್ಮಿಯನ್ನು ಕೇಳಿದರೆ ಮುಖ ತಿರುಗಿಸಿ ಅಡುಗೆ ಮನೆಗೆ ಹೋದಳು. ಮಂಗಳವಾರ ಬಳೆಗಾರ್ತಿ ಮುನಿತಾಯಮ್ಮ ಬಂದಳು. ಅವಳು ನಮ್ಮ ಮನೆಗೆ ಬರುವುದು ಗೌರಿಹಬ್ಬಕ್ಕೆ, ಇಲ್ಲವೇ ಮದುವೆಗೆ. ನಾನೇ ಬಾಗಿಲು ತೆಗೆದೆ. ಸೆರಗಿನ ಗಂಟು ಬಿಚ್ಚಿ ಆ ಹಸಿರು ಬಳೆ ತೋರಿಸಿ, "ಅಳತೆ ಬಳೆ ಕೊಟ್ಟವ್ರೆ ದೊಡ್ಡಮ್ಮ. ಭಾನುವಾರ ಬುಟ್ಟು ಭಾನುವಾರಕ್ಕೆ ಮದುವೆ ಅಂದ್ರು. ಮದುಮಗಳಿಗೆ ಹಸಿರೊಂದೇ ಸಾಕಾ, ಕೆಂಪೂ ತರ್ಲಾ?" ಎಂದು ಕೇಳಿದಳು. ಪಾಪ, ಈ ಮನೆಯಲ್ಲಿ ನನಗೊಬ್ಬಳಿಗೆ ಮದುವೆಯ ವಿಷಯ ಗೊತ್ತಿಲ್ಲ ಎಂದು ಅವಳಿಗೇನು ಗೊತ್ತು? ಗೋಡೆ ಹಿಡಿದುಕೊಂಡು, ಎರಡೂ ತಾರಮ್ಮ ಎಂದೆ. ಗಂಡು ತಾವರೆಕೆರೆ ಕಡೆಯ ಗೌತಮ್ ಎಂದು ಅವಳ ಬಾಯಿಂದಲೇ ತಿಳಿಯಿತು. ನಮ್ಮ ಆ ಕಡೆಯ ಎರಡೆಕರೆಗೆ ಅಂಟಿಕೊಂಡ ಹೊಲ ಅವರದು. ನಡುವೆ ಇರುವುದು ಒಂದು ಕಳ್ಳಿಬೇಲಿ. ಹೋದ ತಿಂಗಳು ಆ ಹುಡುಗ ಬಂದು ನನ್ನ ಕಾಲಿಗೆ ಬಿದ್ದು ಹೋಗಿದ್ದ, ನಾನು ಸೈಟು ನೋಡಲು ಬಂದವನು ಎಂದುಕೊಂಡಿದ್ದೆ. ಕೆಟ್ಟವನಂತೆ ಕಾಣಲಿಲ್ಲ. ಅವನಿಗೆ ಏನು ಹೇಳಿದ್ದಾರೋ.

ಬುಧವಾರ ಬೆಳಿಗ್ಗೆ ವೆಲ್ಡಿಂಗಿನವನು ಬಂದ. ನಿನ್ನ ರೂಮಿನ ಕಿಟಕಿಗೆ ಗ್ರಿಲ್, ಬಾಗಿಲಿಗೆ ಹೊಸ ಚಿಲಕ. ಕಳ್ಳರ ಕಾಟ ಎಂದರು. ಚಿಲಕ ಹಾಕಿದ್ದು ಹೊರಗಡೆಯಿಂದ ಮಗಳೇ. ಒಳಗಿನದನ್ನು ಕಿತ್ತುಹಾಕಿದ್ದಾರೆ. ನಿನ್ನ ಮಂಚಕ್ಕೆ ಹೊಸ ಹಾಸಿಗೆ ಬಟ್ಟೆ ಹಾಕಿದ್ದಾರೆ, ಮೇಜಿನ ಮೇಲೆ ನೀರಿನ ಹೂಜಿ ಇಟ್ಟಿದ್ದಾರೆ.

ಆ ದನಿಯ ಮಾತನ್ನೂ ಹೇಳಿಬಿಡುತ್ತೇನೆ. ಸೋಮವಾರ ನಿನಗೆ ನನ್ನ ಧ್ವನಿ ಫೋನಿನಲ್ಲಿ ಬಂದಿರಬೇಕು. ಧ್ವನಿ ನನ್ನದೇ. ಎರಡು ದಿನ ಕೆಮ್ಮಿತ್ತು ನಿಜ. ನಿನ್ನಪ್ಪ ಹಾಸಿಗೆಯ ಪಕ್ಕ ಕೂತು, ನನ್ನ ಬಾಯಿಯ ಮುಂದೆ ತನ್ನ ಫೋನ್ ಹಿಡಿದು, "ಹುಷಾರಿಲ್ಲ, ಒಂದ್ಸಲ ಬಂದ್ ಹೋಗು ಮಗಳೇ ಅನ್ನಮ್ಮ, ಅಷ್ಟೇ. ಅವಳ ಮುಖ ನೋಡಿ ನನಗೂ ಮೂರು ತಿಂಗ್ಳಾಯ್ತು" ಎಂದ. ಅವನ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ನನಗೂ ನಿನ್ನನ್ನು ನೋಡುವ ಆಸೆ, ಅಂದುಬಿಟ್ಟೆ. ಮಾರನೆಯ ದಿನ ಮುನಿತಾಯಮ್ಮ ಬಂದಾಗಲೇ ನನಗೆ ನಾನು ಏನು ಅಂದೆ ಎಂದು ತಿಳಿದದ್ದು. ನಿನ್ನೆ ಸಂಜೆ ಅವನು, "ಬರಲ್ವಂತೆ ಕಣಮ್ಮ, ಇಪ್ಪತ್ತೆಂಟಾದ್ಮೇಲೆ ಬರ್ತಾಳಂತೆ" ಎಂದು ಹೇಳಿ ಟಿವಿ ಹಾಕಿಕೊಂಡ. ನನಗೆ ಹೋದ ಜೀವ ಬಂದಂತಾಯಿತು. ಆದರೆ ನಿನ್ನನ್ನು ನಾನು ಬಲ್ಲೆ. ಬರುವುದಿಲ್ಲ ಎಂದು ಹೇಳಿ, ರೂಮಿನಲ್ಲಿ ಅತ್ತು, ಅಜ್ಜಿಗೆ ಏನಾದರೂ ಆಗಿಬಿಟ್ಟರೆ ಎಂದು ಒಂದು ದಿನ ಬಸ್ ಹತ್ತುವವಳು ನೀನು. ಹತ್ತಬೇಡ. ನಾನು ಚೆನ್ನಾಗಿದ್ದೇನೆ. ನಾನು ಸತ್ತೆ ಎಂದು ಯಾರಾದರೂ ಹೇಳಿದರೂ ಬರಬೇಡ. ನೀನು ಮದುವೆಯಾದ ಮೇಲೆ ನನ್ನ ಫೋಟೋ ಮುಂದೆ ನಿಂತು ಅಳುವೆಯಂತೆ, ನನಗೇನೂ ಬೇಸರವಿಲ್ಲ.

ನಿನ್ನಮ್ಮನ ಮೇಲೆ ಸಿಟ್ಟಾಗಬೇಡ. ನಿನ್ನೆ ಅವಳ ಕೈ ಹಿಡಿದು ಕೇಳಿದೆ. "ನನ್ನನ್ನೇನೂ ಕೇಳ್ಬೇಡಿ ಅತ್ತೆ" ಎಂದಳು. ಅವಳ ತವರಿನವರು ಅವಳನ್ನೂ ಹೀಗೆಯೇ ಒಂದು ಹೊಲದ ಪಕ್ಕದ ಹೊಲಕ್ಕೆ ಕೊಟ್ಟಿದ್ದು. ಆಗ ಮಾತಾಡಲು ಹೋಗಿದ್ದವಳು ನಾನೇ. ಅವಳು ಆ ದಿನ ಇಡೀ ತಲೆ ಎತ್ತಿರಲಿಲ್ಲ, ನಾಚಿಕೆ ಎಂದುಕೊಂಡು ನಾನು ಸಂತೋಷಪಟ್ಟಿದ್ದೆ. ನಿನ್ನ ಇಂಗ್ಲಿಷ್ ಪುಸ್ತಕ ಕೇಳುವವರೆಗೆ ಅದು ನನಗೆ ಬೇರೆ ಥರ ತೋರಿರಲಿಲ್ಲ. ಅಷ್ಟು ದೂರದ ದೇಶದ, ಅಷ್ಟು ಹಿಂದಿನ ಜನರ ಕಥೆ ಕೇಳುವಾಗ ನನ್ನ ಸೊಸೆಯ ಮುಖ ಯಾಕೆ ಕಣ್ಣ ಮುಂದೆ ಬರುತ್ತದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಹನ್ನೊಂದು ಗಂಟೆಗೆ ಮುನಿತಾಯಮ್ಮ ಬಳೆಗಳನ್ನು ತೋರಿಸಲು ಬರುತ್ತಾಳೆ. ಈ ಕಾಗದ ಅವಳ ಬುಟ್ಟಿಯಲ್ಲಿ ಅಂಚೆಗೆ ಹೋಗುತ್ತದೆ. ಟಿವಿಯ ಅಡುಗೆ ಕಾರ್ಯಕ್ರಮಕ್ಕೆ ಬಸ್ಸಾರು ಮಾಡುವ ವಿಧಾನ ಬರೆದು ಕಳಿಸುತ್ತಿದ್ದೇನೆ, ನನ್ನ ಸೊಸೆಗೆ ಹೇಳಬೇಡ, ಅವಳಿಗೆ ಹೊಟ್ಟೆಕಿಚ್ಚು ಎಂದು ಮುನಿತಾಯಮ್ಮನಿಗೆ ಹೇಳಲಿದ್ದೇನೆ. ಈ ವಯಸ್ಸಿಗೆ ಎಂಥೆಂಥ ಸುಳ್ಳು ಕಲಿಸಿದೆ ನೋಡು ನೀನು.

ಇಪ್ಪತ್ತೆಂಟರಂದು ನೀವಿಬ್ಬರೂ ಸಹಿ ಹಾಕುವ ಹೊತ್ತಿಗೆ ನಾನು ಇಲ್ಲಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೂತಿರುತ್ತೇನೆ. ಯಾರ ಒಪ್ಪಿಗೆ ಇಲ್ಲದಿದ್ದರೂ ಈ ಮನೆಯ ಹಿರಿಯಳ ಒಪ್ಪಿಗೆ ನಿಮಗಿದೆ. ಹನುಮೇಶನಿಗೆ ನನ್ನ ಆಶೀರ್ವಾದ ಹೇಳು, ಒಬ್ಬನೇ ಓಡಾಡಬೇಡ ಎಂದೂ ಹೇಳು. ಹಾಲವ್ವನಿಗೆ ನನ್ನ ನಮಸ್ಕಾರ. ಅವಳು ಮುಂದೆ ಎಂದಾದರೂ ಈ ಊರಿಗೆ ಬಂದರೆ ನನ್ನ ಸ್ವಂತ ಲೋಟದಲ್ಲಿ, ನನ್ನ ಪಕ್ಕ ಕೂರಿಸಿಕೊಂಡು ಕಾಫಿ ಕೊಡುತ್ತೇನೆ. ಆ ಹತ್ತು ಅಧ್ಯಾಯಗಳನ್ನು ಬಿಡುವಾದಾಗ ಬರೆದು ಕಳಿಸು. ಹುಡುಗಿ ಕಾಲು ಹಿಂದಕ್ಕೆ ತೆಗೆದುಕೊಂಡಳೋ ಇಲ್ಲವೋ ಅಷ್ಟನ್ನಾದರೂ ತಿಳಿಸು.

ಕೇದಾರೇಶ್ವರ ನಿನ್ನ ಬೆನ್ನ ಹಿಂದೆ ನಿಂತಿರಲಿ.

ನಿನ್ನನ್ನು ನೆನೆಯದೆ ಒಂದು ತುತ್ತೂ ಇಳಿಯದ
ನಿನ್ನ ಅಜ್ಜಿ,
ಚಿಕ್ಕಲಕ್ಷ್ಮಮ್ಮ

ಮರೆತ ಮಾತು: ಈಗ ಹತ್ತೂವರೆ. ಕಾಗದ ಮಡಿಸುತ್ತಿದ್ದಾಗ ನಿನ್ನಮ್ಮ ಒಳಗೆ ಬಂದು ಬಾಗಿಲು ಹಾಕಿದಳು. ನಿನ್ನಪ್ಪ, ದರ್ಶನ್, ಜೊತೆಗೆ ಇನ್ನಿಬ್ಬರು ಒಂಬತ್ತು ಗಂಟೆಗೆ ಕಾರಿನಲ್ಲಿ ಧಾರವಾಡಕ್ಕೆ ಹೊರಟಿದ್ದಾರಂತೆ. ನಾನು ದೇವಸ್ಥಾನಕ್ಕೆ ಹೋದರು ಎಂದುಕೊಂಡಿದ್ದೆ. ನೋಮಿನ ಡಬ್ಬಿಯ ಮೇಲೆ ವಿಳಾಸ ಬರೆದ ದಿನವೇ ನಿನ್ನಪ್ಪ ಅದರ ಫೋಟೋ ತೆಗೆದುಕೊಂಡಿದ್ದನಂತೆ. ದಾರ ನಿನಗಾಗಿ ಅಲ್ಲ, ವಿಳಾಸಕ್ಕಾಗಿ. ನಿನ್ನನ್ನು ತೋರಿಸಿಕೊಟ್ಟವಳು ನಾನೇ ಮಗಳೇ. ನಾಲ್ಕು ಗಂಟೆಯ ಹೊತ್ತಿಗೆ ನಿನ್ನ ಬಾಗಿಲಲ್ಲಿ ಇರುತ್ತಾರೆ. ಅಂಚೆ ಮೂರು ದಿನ ತೆಗೆದುಕೊಳ್ಳುತ್ತದೆ. ವರಲಕ್ಷ್ಮಿ ಕ್ಯಾಲೆಂಡರ್ ಹರಿದು ನಿನ್ನ ನಂಬರ್ ಬರೆದು ನನ್ನ ಕೈಗೆ ತುರುಕಿ ಹೊರಟುಹೋದಳು. ಕಲಾವತಿಯ ಫೋನಿನಿಂದ ನಾಲ್ಕು ಸಲ ಮಾಡಿಸಿದೆ, ನೀನು ಎತ್ತುತ್ತಿಲ್ಲ. ಗೊತ್ತಿಲ್ಲದ ನಂಬರ್ ಎತ್ತಬೇಡ ಎಂದು ನಿನಗೆ ಹೇಳಿಕೊಟ್ಟವಳೂ ನಾನೇ. ಅದಕ್ಕೇ ಕಲಾವತಿ ಈ ಕಾಗದದ ಫೋಟೋ ತೆಗೆದು ಕಳಿಸುತ್ತಿದ್ದಾಳೆ. ನನ್ನ ಅಕ್ಷರ ನಿನಗೆ ಗುರುತು ಸಿಗುತ್ತದೆ. ರೂಮಿಗೆ ಬೀಗ ಹಾಕು. ಹನುಮೇಶನನ್ನೂ ಕರೆದುಕೋ. ಕುಷ್ಟಗಿಗೆ ಹೋಗಬೇಡಿ, ಅಲ್ಲಿಗೂ ಬರುತ್ತಾರೆ. ತುಂಗಾ ಮೇಡಂ ಜೊತೆ ನೇರವಾಗಿ ಪೊಲೀಸ್ ಸ್ಟೇಷನ್ನಿಗೆ ಹೋಗಿ, ನನ್ನ ಈ ಕಾಗದ ತೋರಿಸಿ. ದಾರ ಬಿಚ್ಚಬೇಡ, ಅದಕ್ಕೆ ಅರಿಶಿನ ಹಚ್ಚಿದ್ದು ನಾನು. ಕೊನೆ ಪುಟವನ್ನೇ ಮೊದಲು ಕಳಿಸು ಎಂದು ಕಲಾವತಿಗೆ ಹೇಳಿದ್ದೇನೆ. ಉಳಿದ ಪುಟಗಳನ್ನು ಓದುತ್ತಾ ಕೂರಬೇಡ ಪುಟ್ಟಿ. ಚಪ್ಪಲಿ ಹಾಕಿಕೊಂಡು ಹೊರಡು.